ಕಿವಿಮನೆಯ ಗುಲಗಂಜಿ

"ನಾನ್ಯಾಕೆ ಓದಬೇಕು?"

ಗವಿರಂಗ ಹಾಗೆ ಕೇಳಿದಾಗ ಮಂಟಪದ ಮೆಟ್ಟಿಲ ಮೇಲೆ ಅವನೊಬ್ಬನೇ ಕೂತಿದ್ದ. ನಾನು ಕಂಬದ ಹಿಂದೆ ಹಣತೆಗಳಿಗೆ ಬತ್ತಿ ಹಾಕುತ್ತಿದ್ದುದು ಅವನಿಗೆ ಕಾಣುತ್ತಿರಲಿಲ್ಲ. ಹೆಗಲ ಮೇಲೆ ಹಿಟ್ಟು ಮೆತ್ತಿದ ಟವಲು, ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಕಾವ್ಯದ ಪುಸ್ತಕ. ಅವನು ಅದನ್ನು ಯಾರನ್ನೂ ಕೇಳಿದ್ದಲ್ಲ, ಸುಮ್ಮನೆ ಗಾಳಿಗೆ ಕೇಳಿದ್ದು. ಆದರೆ ನಮ್ಮೂರಿನಲ್ಲಿ ಗಾಳಿಗೆ ಕೇಳಿ ಸುಮ್ಮನಾಗುವ ಹಾಗಿಲ್ಲ. ಎದುರಿನ ಬಂಡೆ ಒಂದು ಉಸಿರಿನಷ್ಟು ಹೊತ್ತು ತಡೆದು ಅದೇ ಪ್ರಶ್ನೆಯನ್ನು ತಿರುಗಿ ಕೇಳಿತು. "ನಾನ್ಯಾಕೆ ಓದಬೇಕು?" ಗವಿರಂಗನಿಗಿಂತ ಚೆನ್ನಾಗಿಯೇ ಕೇಳಿತು. ಬಾವಿಗೆ ಬಿಟ್ಟ ಬಿಂದಿಗೆ ನೀರು ಸಿಗದೆ ತಳದ ಕಲ್ಲನ್ನು ಮುಟ್ಟಿದ ಹಾಗಿತ್ತು ಆ ದನಿ. ನನ್ನ ಕೈಯ ಬತ್ತಿ ಕೈಯಲ್ಲೇ ಉಳಿಯಿತು.

ಗವಿರಂಗ ನಕ್ಕ. "ಸರಿಹೋಯ್ತು. ದುಃಖ ಪಡೋದ್ರಲ್ಲೂ ನಾನು ಒಂದು ಕೈ ಕಡಿಮೇನೇ" ಎಂದು ಗೊಣಗಿಕೊಂಡು, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ.

ನಮ್ಮೂರಿನ ಬಂಡೆ ಹಾಗೆ. ಬಾಯಿಂದ ಗಟ್ಟಿಯಾಗಿ ಹೊರಟದ್ದನ್ನೆಲ್ಲ ಅದು ತಿರುಗಿ ಹೇಳುತ್ತದೆ, ಆದರೆ ಹೇಳಿದವರ ದನಿಯಲ್ಲಲ್ಲ. ಆ ಮಾತನ್ನು ಈ ಊರಿನಲ್ಲಿ ಇಲ್ಲಿಯವರೆಗೆ ಎಲ್ಲರಿಗಿಂತ ಚೆನ್ನಾಗಿ ಯಾರು ಆಡಿದ್ದರೋ ಅವರ ದನಿಯಲ್ಲಿ. ಸೊಪ್ಪಿನವಳು "ದಂಟು, ಹರಿವೆ, ಮೆಂತ್ಯ" ಎಂದು ಕೂಗಿದರೆ, ಎಂದೋ ಸತ್ತುಹೋದ ಒಬ್ಬಾಕೆ ಬಂಡೆಯೊಳಗಿಂದ ಅದನ್ನೇ ಬಾಯಲ್ಲಿ ನೀರೂರುವ ಹಾಗೆ ಕೂಗುತ್ತಾಳೆ. ಜನ ಆಸೆಯಿಂದ ಹೊರಗೆ ಬಂದು ಬುಟ್ಟಿಯಲ್ಲಿರುವ ಸೊಪ್ಪನ್ನು ನೋಡಿ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅದಕ್ಕೇ ನಮ್ಮಲ್ಲಿ ಸೊಪ್ಪಿನವರು ಕೂಗುವುದಿಲ್ಲ, ಬಾಗಿಲು ತಟ್ಟುತ್ತಾರೆ. ಹಸುವನ್ನು ಹೆಸರು ಹಿಡಿದು ಕರೆಯುವವರಿಲ್ಲ. ಕರೆದರೆ ಅದು ಬಂಡೆಯ ಕಡೆಗೇ ಓಡುತ್ತದೆ, ಆದ್ದರಿಂದ ಹಿಂಡಿಯ ಬಕೆಟ್ಟು ಬಡಿಯುತ್ತಾರೆ. ಬೀದಿಜಗಳವಂತೂ ಬಲು ಬೇಗ ಮುಗಿಯುತ್ತದೆ. ಒಂದು ಸುತ್ತು ಬೈದಾಡುವಷ್ಟರಲ್ಲಿ ಅವರ ಬೈಗುಳವೇ ಹಳೇ ಕಾಲದ ಯಾವಳೋ ಮಹಾತಾಯಿಯ ಬಾಯಲ್ಲಿ ಬಂಡೆಯಿಂದ ಇಳಿದು ಬರುತ್ತದೆ. ಅದನ್ನು ಕೇಳಿದ ಮೇಲೆ ತಾವು ಬೈದದ್ದು ಬೈಗುಳವೇ ಅಲ್ಲ ಅನ್ನಿಸಿ ಇಬ್ಬರೂ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಾರೆ. ತಾಯಂದಿರು ಕಿಟಕಿ ಮುಚ್ಚಿ ಜೋಗುಳ ಹಾಡುತ್ತಾರೆ. ಇದುವರೆಗೆ ಯಾರೂ ಆಡಿರದ ಮಾತಾದರೆ ಮಾತ್ರ ಆಡಿದವರ ದನಿಯೇ ತಿರುಗಿ ಬರುತ್ತದೆ. ಊರಿಗೆ ದೀಪ ಬಂದ ದಿನ ಅಂಚೆಯ ಸೂರಪ್ಪ "ಕರೆಂಟು ಬಂತು!" ಎಂದು ಕೂಗಿದ್ದ, ಬಂಡೆ ಅವನ ದನಿಯಲ್ಲೇ ಕೂಗಿತು. ಅವನು ಮದುವೆಯ ಗಂಡಿನ ಹಾಗೆ ಬೀದಿಯಲ್ಲಿ ಓಡಾಡಿದ. ಆದರೆ ವಾರ ಕಳೆಯುವುದರೊಳಗೆ ಯಾರದೋ ಮನೆಯ ಹುಡುಗಿ ಅದೇ ಮಾತನ್ನು ಅವನಿಗಿಂತ ಚೆನ್ನಾಗಿ ಕೂಗಿಬಿಟ್ಟಳು. ಸೂರಪ್ಪ ಅಂದು ಊಟ ಮಾಡಲಿಲ್ಲ.

ಹೀಗಾಗಿ ನಾವೆಲ್ಲ ಮೆಲುದನಿಯ ಜನ. ಬೇರೆ ಊರಿನವರು ನಮ್ಮನ್ನು ತುಂಬ ವಿನಯದವರು ಅಂದುಕೊಳ್ಳುತ್ತಾರೆ.

ಗಟ್ಟಿಯಾಗಿ ಬಾಯಿ ಬಿಡಲೇಬೇಕಾದ ಜಾಗ ಒಂದೇ, ಅದು ಮಂಟಪ. ಶ್ರಾವಣದಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅಲ್ಲಿ ಕಾವ್ಯ ಓದಬೇಕು. ನೀರು ಹುಡುಕಿಕೊಂಡು ಹೊರಟ ಅಕ್ಕತಂಗಿಯರ ಕಥೆ ಅದು, ನಮ್ಮೂರಿನದೇ. ಹೊರಗಿನವರಿಗೆ ಗೊತ್ತಿಲ್ಲ. ನಾನು ಅಜ್ಜಿಯ ತೊಡೆಯ ಮೇಲೆ ಮಲಗಿ, ಅವಳ ಸೀರೆಯ ಕರ್ಪೂರದ ವಾಸನೆಯ ಜೊತೆಗೆ ಆ ಪದ್ಯಗಳನ್ನು ಕುಡಿದು ಬೆಳೆದವಳು. ಅಕ್ಷರಕ್ಕಿಂತ ಮುಂಚೆ ನನಗೆ ಪದ್ಯ ಬಂತು. ಈಗಲೂ ಹಾಲು ಕಾಯಿಸುವಾಗ, ಬತ್ತಿ ಹೊಸೆಯುವಾಗ, ಒಳಗೊಳಗೇ ಅಂದುಕೊಳ್ಳುತ್ತಿರುತ್ತೇನೆ. ತುಟಿ ಅಲುಗುವುದಿಲ್ಲ.

ಓದುವವರು ಒಂದು ಪದ್ಯ ಓದಿ ನಿಲ್ಲಿಸಬೇಕು. ಆಗ ಬಂಡೆ ಅದೇ ಪದ್ಯವನ್ನು ಕೇಶವಯ್ಯನವರ ದನಿಯಲ್ಲಿ ಓದುತ್ತದೆ. ಆಮೇಲೆ ಮುಂದಿನ ಪದ್ಯ. ಕೇಶವಯ್ಯನವರು ತೀರಿಕೊಂಡು ಒಂದು ತಲೆಮಾರೇ ಕಳೆದಿದೆ, ಆದರೆ ಅವರ ಓದನ್ನು ಮೀರಿಸಿದವರಿಲ್ಲ. ಜನ ಮಂಟಪಕ್ಕೆ ಬರುವುದು ಅವರನ್ನು ಕೇಳುವುದಕ್ಕೆ. ಗವಿರಂಗ ಓದುವಾಗ ಎಲೆಗೆ ಸುಣ್ಣ ಹಚ್ಚುತ್ತಾರೆ, ಮಗಳ ಬಾಣಂತನದ ಸುದ್ದಿ ಹೇಳಿಕೊಳ್ಳುತ್ತಾರೆ. ಅವನು ನಿಲ್ಲಿಸಿದ ತಕ್ಷಣ "ಶ್, ಶ್" ಎಂದು ಒಬ್ಬರನ್ನೊಬ್ಬರು ಸುಮ್ಮನಾಗಿಸಿ ಬಂಡೆಯ ಕಡೆ ಮುಖ ತಿರುಗಿಸುತ್ತಾರೆ. ಯಾರಾದರೂ ಓದದಿದ್ದರೆ ಬಂಡೆ ಒಂದಕ್ಷರ ಆಡುವುದಿಲ್ಲ. ಇದು ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಓದುವವರು ಒಬ್ಬೊಬ್ಬರಾಗಿ ಬಿಟ್ಟರು, ಯಾರೂ ಅವರನ್ನು ತಡೆಯಲಿಲ್ಲ. ಉಳಿದವನು ಗಿರಣಿಯ ಗವಿರಂಗ ಒಬ್ಬನೇ.

ಅವರೆಲ್ಲ ಬಿಟ್ಟದ್ದಕ್ಕೆ ಕಾರಣ ನಮ್ಮ ಮನೆ. ನಮ್ಮ ಮನೆಗೆ ಕಿವಿಮನೆ ಎಂದು ಹೆಸರು. ಕಾವ್ಯ ಮುಗಿದ ದಿನ ಮಂಗಳಾರತಿಗೆ ಮುಂಚೆ ಕಿವಿಮನೆಯ ಹಿರಿಯಳು ಓದಿದವರಿಗೆ ವೀಳ್ಯ ಕೊಡಬೇಕು. ಅವರ ಓದು ಬಂಡೆಯ ಓದಿಗಿಂತ ಎಷ್ಟು ಕಡಿಮೆಯೋ ಅಷ್ಟು ಗುಲಗಂಜಿಯನ್ನು ಆ ಎಲೆಯ ಮೇಲಿಡಬೇಕು. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕಪ್ಪು ಚುಕ್ಕಿಯ ಕೆಂಪು ಬೀಜ. ನನ್ನಮ್ಮ ಜೀವಮಾನವೆಲ್ಲ ಇಟ್ಟಳು. ಅವಳದು ಕೆಟ್ಟ ಮನಸ್ಸಲ್ಲ. ಒಂದು ಬೀಜ ಹೆಚ್ಚಾಯಿತೇನೋ, ಒಂದು ಕಡಿಮೆಯಾಯಿತೇನೋ ಎಂದು ಆ ದಿನವೆಲ್ಲ ದೇವರ ಮುಂದೆ ಕೂತಿರುತ್ತಿದ್ದಳು. ಮಾಘದಲ್ಲಿ ಅವಳು ಹೋದಳು. ಈ ಶ್ರಾವಣದಿಂದ ಮಂಟಪದಲ್ಲಿ ಮುಂದಿನ ಸಾಲಿನ ಮಣೆ ನನ್ನದು, ಗುಲಗಂಜಿಯ ಹಿತ್ತಾಳೆ ಡಬ್ಬಿಯೂ ನನ್ನದು.

ಮೆಟ್ಟಿಲ ಮೇಲೆ ಆ ಪ್ರಶ್ನೆ ಕೇಳಿದ ಮರುದಿನ ರಾಗಿ ಬೀಸಿಸಲು ಗಿರಣಿಗೆ ಹೋದೆ. ಬೀದಿಯ ತಿರುವಿನಲ್ಲೇ ಯಂತ್ರದ ಸದ್ದು, ಆ ಸದ್ದಿನೊಳಗೆ ಗವಿರಂಗನ ದನಿ. ಗಿರಣಿ ಓಡುವಾಗ ಅವನು ಓದುತ್ತಾನೆ. ಆ ಗದ್ದಲದಲ್ಲಿ ಬಂಡೆಗೆ ಏನೂ ಕೇಳಿಸುವುದಿಲ್ಲ, ತಿರುಗಿ ಏನೂ ಬರುವುದಿಲ್ಲ. ಹಿಟ್ಟಿನ ಚೀಲ ಹಿಡಿದು, ರೆಪ್ಪೆಯೆಲ್ಲ ಬೆಳ್ಳಗಾಗಿ, ಬಾಯಿ ತುಂಬ ಓದುತ್ತಿದ್ದ. ಸಾಲಿನಲ್ಲಿದ್ದ ಹೆಂಗಸರು ತಮ್ಮ ಸರದಿ ಬಂದರೂ ಡಬ್ಬ ಮುಂದೆ ತಳ್ಳದೆ ನಿಂತಿದ್ದರು. ನಾನೂ ಕಂಬಕ್ಕೊರಗಿ ನಿಂತೆ. ರಾಗಿ ಮುಗಿದು ಬೆಲ್ಟು ನಿಂತಿತು. ಅವನು ಪದ್ಯದ ಮಧ್ಯದಲ್ಲೇ, ಯಾರೋ ಬಾಯಿಗೆ ಕೈಯಡ್ಡ ಹಿಡಿದಂತೆ, ನಿಲ್ಲಿಸಿಬಿಟ್ಟ.

ಅವನ ಹೆಂಡತಿ ಚಂಪಾ ನನ್ನನ್ನು ಪಕ್ಕಕ್ಕೆ ಕರೆದಳು. ಗೋಡೆಯ ಹಲಗೆಯ ಮೇಲೆ ದೇವರ ಪಟ, ಪಟದ ಪಕ್ಕ ಒಂದು ಕಾಫಿಪುಡಿಯ ಬಾಟಲಿ. ಬಾಟಲಿಯ ತುಂಬ ಗುಲಗಂಜಿ. ಅಮ್ಮ ವರ್ಷವರ್ಷ ಕೊಟ್ಟದ್ದು.

"ನೋಡಿ ತುಂಗಕ್ಕ, ಎಲ್ಲಿಟ್ಟಿದಾರೆ ಅಂತ. ಬೆಳಗ್ಗೆದ್ದು ದೇವರಿಗೆ ಕೈ ಮುಗಿಯೋ ಮುಂಚೆ ಅದನ್ನ ನೋಡ್ತಾರೆ. ಊಟಕ್ಕೆ ಕೂತರೆ 'ಈ ವಯಸ್ಸಿಗೆ ಕೇಶವಯ್ಯನವರು ಹೇಗೆ ಓದ್ತಿದ್ರು ಗೊತ್ತಾ' ಅಂತ ಶುರು. ಹುಳಿಗೆ ಉಪ್ಪು ಸರಿಯಾಗಿದೆಯಾ ಅಂತ ಕೇಳಿದರೆ ಅದಕ್ಕೂ ಕೇಶವಯ್ಯನವರೇ. ಆ ಮಹಾನುಭಾವರು ನಮ್ಮನೇಲಿ ಬಾಡಿಗೆಗಿದ್ದಾರೇನೋ ಅನ್ನಿಸಿಬಿಟ್ಟಿದೆ ನನಗೆ."

ನನಗೆ ನಗು ಬಂತು. ಅವಳಿಗೂ ಬಂತು, ಆದರೆ ಕಣ್ಣು ಒರೆಸಿಕೊಂಡಳು. "ಈ ಸಲವೇ ಕಡೆ ಅಂತ ಮಂಟಪದ ಯಜಮಾನರಿಗೆ ಹೇಳಿಬಂದಿದಾರೆ. ಓದು ಬಿಟ್ಟರೆ ನನಗೇನು ನಷ್ಟ ಅಂತೀರಾ? ಮಂಟಪದಲ್ಲಿ ಬಿಟ್ಟವರು ಗಿರಣೀಲೂ ಬಿಡ್ತಾರೆ. ನನಗೆ ಕೇಳೋಕೆ ಏನೂ ಇರಲ್ಲ. ನೀವು ಈ ಸಲ ಎರಡೇ ಎರಡು ಹಾಕಿ. ಯಾರಿಗೆ ಗೊತ್ತಾಗತ್ತೆ?"

"ಅವನಿಗೇ ಗೊತ್ತಾಗತ್ತಲ್ಲ ಚಂಪಾ. ಅವನ ಕಿವಿ ನನ್ನ ಕಿವಿಗಿಂತ ಕಟುಕ."

ಗವಿರಂಗ ಹಿಟ್ಟಿನ ಡಬ್ಬ ತಂದು ಮುಂದಿಟ್ಟ. "ಏನಂತೆ ನಮ್ಮನೆಯವಳು? ನಿಮ್ಮ ಕಿವಿ ಕಚ್ಚುತಾ ಇದ್ಲು."

"ನೀನು ಗಿರಣೀಲಿ ಚೆನ್ನಾಗಿ ಓದ್ತೀಯ ಅಂತಿದ್ಲು."

"ಗಿರಣೀಲಿ ಯಾರು ಬೇಕಾದ್ರೂ ಓದಬಹುದು ಬಿಡಿ. ಎದುರಿಗೆ ಯಾರೂ ಇರಲ್ಲ."

"ರಂಗಪ್ಪ, ನಿನ್ನೆ ಮಂಟಪದಲ್ಲಿ ನೀನು ಕೇಳಿದ್ದು ನನಗೆ ಕೇಳಿಸ್ತು. ಕಂಬದ ಹಿಂದೆ ಇದ್ದೆ."

ಅವನ ಮುಖ ಕೆಂಪಾಯಿತು. "ಬಂಡೆ ಹೇಳಿದ್ದೂ ಕೇಳಿಸ್ತಾ? ಎಷ್ಟು ಚೆನ್ನಾಗಿ ಹೇಳ್ತು ನೋಡಿದ್ರಾ?"

"ಯಾರ ದನಿ ಅಂತ ಗೊತ್ತಾಯ್ತಾ?"

"ಗೊತ್ತಾಗದೆ? ಕೇಶವಯ್ಯನವರದು. ಹುಟ್ಟಿದಾಗಿಂದ ಕೇಳ್ತಾ ಇದೀನಿ."

"ಅಂದರೇನು ಅರ್ಥ?"

"ಅರ್ಥ ಏನು, ಬೇಜಾರು ಮಾಡ್ಕೊಳ್ಳೋದ್ರಲ್ಲೂ ಅವರೇ ಮೇಲು ಅಂತ."

"ಅಲ್ಲಪ್ಪ. ಅವರೂ ಯಾವತ್ತೋ ಅದೇ ಮೆಟ್ಟಿಲ ಮೇಲೆ ಕೂತು, ನಾನ್ಯಾಕೆ ಓದಬೇಕು ಅಂತ ಕೇಳಿದ್ದರು ಅಂತ."

ಗವಿರಂಗ ಡಬ್ಬದ ಮುಚ್ಚಳ ಹಾಕುವುದನ್ನು ಮರೆತು ನಿಂತ. ಅವನಿಗೆ ಇದು ಹೊಳೆದೇ ಇರಲಿಲ್ಲ. ನನಗೂ ರಾತ್ರಿ ಹಾಸಿಗೆಗೆ ಹೋಗುವವರೆಗೆ ಹೊಳೆದಿರಲಿಲ್ಲ. ನಮ್ಮೂರಿನವರ ಕಿವಿ ಹಾಗೆ ಪಳಗಿಬಿಟ್ಟಿದೆ, ಬಂಡೆ ಏನು ಹೇಳಿತು ಅನ್ನುವುದಕ್ಕಿಂತ ಎಷ್ಟು ಚೆನ್ನಾಗಿ ಹೇಳಿತು ಅನ್ನುವುದೇ ಮೊದಲು ಕೇಳಿಸುತ್ತದೆ. ಅವನು ಮುಚ್ಚಳ ಒತ್ತಿ ಹೇಳಿದ: "ಕೇಳಿದ್ದೇ ಇರಬಹುದು. ಆದರೂ ಎಷ್ಟು ಚೆನ್ನಾಗಿ ಕೇಳಿದ್ರು ನೋಡಿ."

ನಾನು ಸಾಮಾನ್ಯವಾಗಿ ಹೆಚ್ಚು ಮಾತಾಡುವವಳಲ್ಲ. ಅಂದು ಹಿಟ್ಟಿನ ಡಬ್ಬದ ಮೇಲೆ ಕೈಯೂರಿ ಮಾತಾಡಿದೆ. ನಾನು ಚಿಕ್ಕವಳಿದ್ದಾಗ ಕೇಶವಯ್ಯನವರು ಓದುವುದನ್ನು ಎದುರಿಗೆ ಕೂತು ಕೇಳಿದ್ದೇನೆ. ಬಾಯಾರಿಕೆಯ ಸಂಧಿಯಲ್ಲಿ, ತಂಗಿ ಒಬ್ಬಳೇ ಕಾಡಿನಲ್ಲಿ ಬಂಡೆಗೆ ಕಿವಿಯಿಟ್ಟು ನೀರಿನ ಸದ್ದು ಹುಡುಕುವ ಜಾಗವಿದೆ.

"ಎಲ್ಲಿರುವೆ ತಾಯೆ, ನಾಲಗೆಯೊಣಗಿ ಬಂದಿಹೆನು,
ಕಲ್ಲಿನಲಿ ಕಿವಿಯಿಟ್ಟು ಕೇಳುತಿಹೆ ನಿನ್ನ."

ಒಂದು ಸಂಜೆ ಕೇಶವಯ್ಯನವರು ಮೊದಲ ಸಾಲು ಓದಿ ನಿಂತುಬಿಟ್ಟರು. ಮುಂದಿನದು ಮರೆತುಹೋಗಿತ್ತು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಪುಸ್ತಕದಲ್ಲಿ ಹಾಳೆಯೂ ಸಿಗಲಿಲ್ಲ. ಕೊನೆಗೆ ನಮ್ಮಜ್ಜಿಯ ಕಡೆ ಬಾಗಿ, "ಮುಂದೇನಮ್ಮಾ?" ಎಂದು ಕೇಳಿದರು. ಅಜ್ಜಿ ಎರಡನೆಯ ಸಾಲು ಹೇಳಿಕೊಟ್ಟಳು. ಇನ್ನೊಂದು ದಿನ ಯಾರದೋ ಮನೆಯ ಒಬ್ಬಟ್ಟು ತಿಂದು ಬಂದು ಗಂಟಲು ಕಟ್ಟಿ, ಪದ್ಯಪದ್ಯಕ್ಕೂ ನೀರು ಕುಡಿದರು. ಆ ದಿನಗಳಲ್ಲಿ ಬಂಡೆ ಅವರಿಗಿಂತ ಹಿಂದಿನವರ ದನಿಯಲ್ಲೇ ಓದುತ್ತಿತ್ತು. ಆಗ ಅವರಿಗೂ ಅಜ್ಜಿಯ ಕೈಯಿಂದ ಗುಲಗಂಜಿ ಸಿಕ್ಕಿತ್ತು. "ಬಂಡೆ ಇಟ್ಟುಕೊಂಡಿರೋದು ಅವರ ಒಳ್ಳೇ ಪದ್ಯಗಳನ್ನ ಮಾತ್ರ ರಂಗಪ್ಪ. ಒಂದೊಂದು ಪದ್ಯಾನ ಅವರು ಎಷ್ಟೋ ಶ್ರಾವಣ ಓದಿದ್ರು. ಅದರಲ್ಲಿ ಯಾವತ್ತು ಎಲ್ಲಕ್ಕಿಂತ ಚೆನ್ನಾಗಿತ್ತೋ ಅದೊಂದು. ನೀನು ನಿನ್ನ ಯಾವುದೋ ಒಂದು ಮಂಗಳವಾರಾನ ತಂದು ಅದರ ಪಕ್ಕ ನಿಲ್ಲಿಸ್ತೀಯ. ಗಿರಣೀಲಿ ದಿನವೆಲ್ಲ ಹಿಟ್ಟು ಕುಡಿದು ಬಂದ ಮಂಗಳವಾರಾನ."

ಅವನು ಟವಲಿನಿಂದ ಮುಖ ಒರೆಸಿಕೊಂಡ. ಹಿಟ್ಟು ಹೋಗುವ ಬದಲು ಇನ್ನಷ್ಟು ಹರಡಿತು. "ನನ್ನ ಸಮಾಧಾನಕ್ಕೆ ಹೇಳ್ತಾ ಇದೀರಿ ತುಂಗಕ್ಕ."

"ಕಿವಿಮನೆಯವಳು ಸುಳ್ಳು ಹೇಳ್ತಾಳಾ?"

"ಹಾಗಾದರೆ ಕಡೇ ದಿನವೂ ಹೇಳಬೇಡಿ. ಚಂಪಾ ಏನು ಕೇಳಿದ್ಲು ಅಂತ ನನಗೆ ಗೊತ್ತು. ಎಷ್ಟು ಹಾಕಬೇಕೋ ಅಷ್ಟೂ ಹಾಕಿ. ಅದನ್ನ ನೋಡಿ ನಾನು ಪುಸ್ತಕ ಮುಚ್ಚಿ ದೇವರ ಮುಂದಿಟ್ಟುಬಿಡ್ತೀನಿ. ಸಾಕು."

ಹೀಗೆ ಒಬ್ಬಳು ಸುಳ್ಳು ಕೇಳಿದಳು, ಒಬ್ಬ ನಿಜ ಕೇಳಿದ. ಸುಳ್ಳು ಹಾಕಿದರೆ ಅವನು ನಂಬುವುದಿಲ್ಲ, ನಿಜ ಹಾಕಿದರೆ ನಂಬಿ ನಿಲ್ಲಿಸುತ್ತಾನೆ. ಅವನು ನಿಲ್ಲಿಸಿದರೆ ಆ ಅಕ್ಕತಂಗಿಯರು ಮುಂದಿನ ಶ್ರಾವಣಕ್ಕೆ ಹೊರಡುವುದಿಲ್ಲ. ಕೇಶವಯ್ಯನವರೂ ಕಲ್ಲಿನೊಳಗೇ ಉಳಿಯುತ್ತಾರೆ. ನಾನು ಡಬ್ಬ ಸೊಂಟಕ್ಕಿಟ್ಟುಕೊಂಡು ಮನೆಗೆ ಬಂದೆ, ದಾರಿಯುದ್ದಕ್ಕೂ ಒಂದು ಪದ್ಯವೂ ನೆನಪಾಗಲಿಲ್ಲ.

ಶ್ರಾವಣ ಶುರುವಾಯಿತು. ಮುಂದಿನ ಮಣೆಯ ಮೇಲೆ ಕೂತೆ. ನನ್ನ ಪಕ್ಕದಲ್ಲಿ, ಓದುವವನ ಮೊಣಕಾಲಿಗೆ ತಗುಲುವಷ್ಟು ಹತ್ತಿರ, ಕೆಂಚಜ್ಜಿ. ಗಂಡನನ್ನು ಕಳೆದುಕೊಂಡು ಎಷ್ಟೋ ವರ್ಷವಾದ ಅವಳಿಗೆ ಕಿವಿ ಅಷ್ಟಕ್ಕಷ್ಟೇ. ಎದುರಿಗೆ ಮಂಟಪದ ಯಜಮಾನ ದೊಡ್ಡವೀರಯ್ಯನವರು, ಗಂಧ ಹಚ್ಚಿದ ಹಣೆ, ಬಂಡೆಯ ಕಡೆಗೆ ಆಗಲೇ ತಿರುಗಿದ ಮುಖ. ಗವಿರಂಗ ಓದಿದ, ಬಂಡೆ ಓದಿತು. ನಾನು ಅಳೆಯಲು ಕೂತಿದ್ದವಳು, ಅಳೆದೆ. ಇಲ್ಲಿ ಉಸಿರು ಸಾಲದಾಯಿತು, ಇಲ್ಲಿ ದನಿ ಏರಬೇಕಿತ್ತು, ಏರಲಿಲ್ಲ. ಮನೆಗೆ ಬಂದು ನೋಡಿಕೊಂಡರೆ ಇವತ್ತು ಕಥೆಯಲ್ಲಿ ಏನಾಯಿತು ಎಂಬುದೇ ನೆನಪಿರಲಿಲ್ಲ. ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳುತ್ತಿದ್ದಾಗ ಅಕ್ಕನ ಕಾಲಿಗೆ ಮುಳ್ಳು ಚುಚ್ಚಿದರೆ ನಾನು ಕಾಲು ಎಳೆದುಕೊಳ್ಳುತ್ತಿದ್ದೆ. ಈಗ ಮುಳ್ಳು ಚುಚ್ಚಿತು, ಹೋಯಿತು. ಅಮ್ಮ ಇಷ್ಟು ವರ್ಷ ಹೀಗೇ ಕೂತಿದ್ದಳೇ? ಒಂದು ದಿನವಾದರೂ ಅವಳಿಗೆ ಕಥೆ ಕೇಳಿಸಿತ್ತೇ? ಕೇಳೋಣವೆಂದರೆ ಅವಳಿಲ್ಲ.

ಬಾಯಾರಿಕೆಯ ಸಂಧಿಯ ದಿನ ಮಂಟಪ ತುಂಬಿತ್ತು. ಕೇಶವಯ್ಯನವರ ಆ ಪದ್ಯ ಕೇಳಲೆಂದೇ ವರ್ಷವೆಲ್ಲ ಕಾಯುವವರಿದ್ದಾರೆ. ಗವಿರಂಗನ ಹಣೆಯಲ್ಲಿ ಬೆವರು. ಅವನು ಪುಸ್ತಕ ನೋಡುತ್ತಿರಲಿಲ್ಲ, ಬಂಡೆಯನ್ನೇ ನೋಡುತ್ತಿದ್ದ. ಸಾಲ ಕೊಟ್ಟವನನ್ನು ನೋಡುವ ಹಾಗೆ. "ಎಲ್ಲಿರುವೆ ತಾಯೆ" ಎಂದು ಎತ್ತಲು ಬಾಯಿ ತೆರೆದ. ದಿನವೆಲ್ಲ ಕುಡಿದ ಹಿಟ್ಟು ಗ್ರಹಚಾರಕ್ಕೆ ಆಗಲೇ ಗಂಟಲಿಗೆ ಅಡರಿತು. ಕೆಮ್ಮಿದ. ತಡೆಯಲು ಹೋಗಿ ಇನ್ನೂ ಜೋರಾಗಿ ಕೆಮ್ಮಿದ.

ಸಭೆ ಉಸಿರು ಹಿಡಿಯಿತು. ಬಂಡೆಯೂ ಒಂದು ಉಸಿರು ಹಿಡಿಯಿತು. ಆಮೇಲೆ ಕೆಮ್ಮಿತು.

ಅಂಥ ಕೆಮ್ಮನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಖಾಲಿ ಕಣಜಕ್ಕೆ ಕಲ್ಲುರುಳಿಸಿದಂತೆ ಶುರುವಾಗಿ, ಹತ್ತಿ, ಇಳಿದು, ಇನ್ನೇನು ಮುಗಿಯಿತು ಅನ್ನುವಾಗ ಮತ್ತೊಂದು ಸುತ್ತು ತಿರುಗಿ, ಕೊನೆಯಲ್ಲಿ "ಹರಹರಾ" ಎಂಬಂತೆ ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಮಂಟಪಕ್ಕೆ ಮಂಟಪವೇ ನಕ್ಕಿತು. ದೊಡ್ಡವೀರಯ್ಯನವರು ಶಲ್ಯದಲ್ಲಿ ಬಾಯಿ ಮುಚ್ಚಿಕೊಂಡರು.

"ಏನಂತೆ? ಏನು ನಗ್ತೀರಿ?" ಎಂದಳು ಕೆಂಚಜ್ಜಿ.

ಹಿಂದಿನಿಂದ ಯಾರೋ ಅವಳ ಕಿವಿಯ ಹತ್ತಿರ ಬಂದು ಹೇಳಿದರು: "ನಿಮ್ಮ ಯಜಮಾನರು ಕೆಮ್ಮಿದ್ರು ಅಜ್ಜಿ, ಬಂಡೇಲಿ!"

"ಅಯ್ಯೋ, ಇನ್ನೂ ವಾಸಿಯಾಗಿಲ್ವಾ?" ಎಂದು ಅಜ್ಜಿ ಬಂಡೆಯ ಕಡೆ ತಿರುಗಿದಳು. "ಮೊಸರು ಬೇಡ ಅಂದ್ರೆ ಕೇಳ್ತಿರಲಿಲ್ಲ ಮಾರಾಯ."

ಗವಿರಂಗ ಪುಸ್ತಕವನ್ನು ಎದೆಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. "ಕೆಮ್ಮೋದ್ರಲ್ಲೂ ಸೋತೆ ಅಜ್ಜಿ" ಅಂದ. ಅಜ್ಜಿ ಅವನ ಮೊಣಕಾಲು ತಟ್ಟಿದಳು. "ಅದಿರಲಿ, ಆ ಹುಡುಗಿಗೆ ನೀರು ಸಿಕ್ತಾ ಇಲ್ವಾ ಹೇಳು. ಬಂಡೆ ಓದೋದು ನನಗೆಲ್ಲಿ ಕೇಳಿಸತ್ತೆ. ನೀನು ನಿಲ್ಲಿಸಿದಾಗ ಕಣ್ಣು ಮುಚ್ಕೊಂಡು, ನೀನು ಓದಿದ್ದನ್ನೇ ಮೆಲುಕು ಹಾಕ್ತಿರ್ತೀನಿ. ಓದಪ್ಪ, ಪಾಪ ಬಾಯಾರಿ ನಿಂತಿದೆ ಮಗು."

ಅವನು ಅಜ್ಜಿಯ ಕಡೆ ತಿರುಗಿ ಕೂತ. ಬಂಡೆ ಅವನ ಬೆನ್ನಿಗೆ ಬಂತು. ಅವಳಿಗೆ ಕೇಳಿಸಲಿ ಎಂದು ಒಂದೊಂದೇ ಮಾತನ್ನು ಬಿಡಿಸಿ, ಅವಳ ಮುಖ ನೋಡುತ್ತಾ ಓದಿದ. "ಕಲ್ಲಿನಲಿ ಕಿವಿಯಿಟ್ಟು" ಎನ್ನುವಲ್ಲಿ ಅಜ್ಜಿ ತಾನೂ ಕತ್ತು ಓರೆ ಮಾಡಿದಳು, ಅವನು ಅವಳಿಗಾಗಿ ಕಾದ. ಅವಳು ತಲೆಯಾಡಿಸಿದ ಮೇಲೆ "ಕೇಳುತಿಹೆ ನಿನ್ನ" ಎಂದ. ನನ್ನ ನಾಲಗೆ ಒಣಗಿತ್ತು, ಕಣ್ಣು ತುಂಬಿತ್ತು. ಆಮೇಲೆ ಬಂಡೆ ಓದಿತು. ಕೇಶವಯ್ಯನವರ ಆ ಪದ್ಯಕ್ಕೆ ಎಣೆಯಿಲ್ಲ, ನನಗೆ ಮತ್ತೆ ಕಣ್ಣು ತುಂಬಿತು. ಎರಡು ಸಲ ಅತ್ತಿದ್ದೆ. ಯಾವ ಅಳು ಎಷ್ಟು ದೊಡ್ಡದು ಎಂದು ನೋಡಿಕೊಳ್ಳುವುದು ಮರೆತುಹೋಗಿತ್ತು.

ಕೊನೆಯ ದಿನ ಮಧ್ಯಾಹ್ನ ದೇವರ ಮುಂದೆ ಕೂತು ಹಿತ್ತಾಳೆ ಡಬ್ಬಿ ತೆರೆದೆ. ಗವಿರಂಗನ ಓದು ಬಂಡೆಯ ಓದಿಗಿಂತ ಕಡಿಮೆಯೇ. ಅಲ್ಲ ಎನ್ನಲು ನನ್ನ ಕಿವಿ ಒಪ್ಪುವುದಿಲ್ಲ, ದೇವರ ಮುಂದೆ ಆ ಮಾತು ಆಡಲಾರೆ. ಕೆಲವು ಬೀಜ ತೆಗೆದು ಅಂಗೈಯಲ್ಲಿಟ್ಟುಕೊಂಡೆ. ಕೆಂಚಜ್ಜಿಯ ಕಡೆ ತಿರುಗಿ ಕೂತದ್ದಕ್ಕೆ ಒಂದನ್ನು ತೆಗೆಯಬೇಕೇ? ಕೆಮ್ಮಿದ್ದಕ್ಕೆ ಒಂದು ಸೇರಿಸಬೇಕೇ? ಗಿರಣಿಯಲ್ಲಿ ಹೆಂಗಸರು ಸರದಿ ಮರೆತು ನಿಂತದ್ದನ್ನು ಯಾವ ತೂಕಕ್ಕೆ ಹಾಕಲಿ? ಬೀಜಗಳು ಅಂಗೈಯಲ್ಲಿ ಪಿಳಿಪಿಳಿ ನೋಡಿದವು. ಅವನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದೆ. ಆದರೂ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಹೋದೆ. ಅಷ್ಟು ಧೈರ್ಯ ಎಲ್ಲಿಂದ ಬರಬೇಕು?

ಸಂಜೆ ತಂಗಿಗೆ ನೀರು ಸಿಕ್ಕಿತು, ಕಾವ್ಯ ಮುಗಿಯಿತು. ಗವಿರಂಗ ಪುಸ್ತಕ ಮುಚ್ಚಿ ಬಟ್ಟೆ ಸುತ್ತಿದ, ಗಂಟು ಎಂದಿಗಿಂತ ಬಿಗಿಯಾಗಿ ಹಾಕಿದ. ಚಂಪಾ ಹೆಂಗಸರ ಸಾಲಿನಿಂದ ನನ್ನನ್ನೇ ನೋಡುತ್ತಿದ್ದಳು.

"ತುಂಗಮ್ಮ, ವೀಳ್ಯ" ಎಂದರು ದೊಡ್ಡವೀರಯ್ಯನವರು.

ಎಲೆ ಇಟ್ಟೆ, ಅಡಿಕೆ ಇಟ್ಟೆ, ಒಂದು ಎಸಳು ಮರುಗ ಇಟ್ಟು ಗವಿರಂಗನ ಕಡೆ ಚಾಚಿದೆ.

"ಗುಲಗಂಜಿ ಮರೆತಿರಿ" ಎಂದು ಯಜಮಾನರು ನೆನಪಿಸಿದರು.

"ಮರೆತಿಲ್ಲ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಗವಿರಂಗ ಎಲೆ ತೆಗೆದುಕೊಳ್ಳದೆ ಬರಿಗೈಯನ್ನು ಮುಂದೆ ಹಿಡಿದ. ಅಂಗೈಯ ಗೆರೆಗಳಲ್ಲಿ ಹಿಟ್ಟು ಕೂತಿತ್ತು. "ಹಾಕಿ ಅಕ್ಕ. ನನಗೆ ಕರುಣೆ ಬೇಡ. ಎಷ್ಟಿದ್ರೂ ತಡ್ಕೋತೀನಿ."

"ಕರುಣೆ ಅಲ್ಲಪ್ಪ."

"ಮತ್ತೆ? ನೀವು ಅಳೆಯದಿದ್ರೆ ನಾನು ಎಷ್ಟರವನು ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಏನಂತೆ?" ಎಂದಳು ಕೆಂಚಜ್ಜಿ.

"ಗುಲಗಂಜಿ ಹಾಕಲ್ವಂತೆ ಅಜ್ಜಿ."

"ಅದನ್ನ ಯಾಕೆ ಹಾಕ್ತಾರೆ ಎಲೆಗೆ? ವಿಷ ಅದು."

ಯಾರೂ ನಗಲಿಲ್ಲ. ದೊಡ್ಡವೀರಯ್ಯನವರು ಎದ್ದು ನಿಂತರು. ಅವರದು ಕೋಪವಲ್ಲ, ಗಾಬರಿ. "ತುಂಗಮ್ಮ, ನಿಮ್ಮಜ್ಜಿ ಅಳೆದರು, ನಿಮ್ಮ ತಾಯಿ ಅಳೆದರು. ಕೇಶವಯ್ಯನವರಿಗೂ ಅಳೆದ ಮನೆ ನಿಮ್ಮದು. ಕಿವಿಮನೆಯವರು ಅಳೆಯದಿದ್ದರೆ ಈ ಸಭೆ ಏಳೋದು ಹೇಗೆ? ಅವನೇ ಬಾಯಿಬಿಟ್ಟು ಕೇಳ್ತಾ ಇದಾನೆ. ಹಾಕ್ತೀರೋ ಇಲ್ಲವೋ? ಗಟ್ಟಿಯಾಗಿ ಹೇಳಿ, ಎಲ್ಲರಿಗೂ ಕೇಳಲಿ."

ಕಿವಿಮನೆಯವರು ಮಂಟಪದಲ್ಲಿ ಗಟ್ಟಿಯಾಗಿ ಮಾತಾಡಿದ್ದೇ ಇಲ್ಲ. ನಾನಂತೂ ಹುಟ್ಟಿದಾಗಿನಿಂದ ಆ ಬಂಡೆಯೆದುರು ಬಾಯಿ ತೆರೆದವಳಲ್ಲ. ಗವಿರಂಗನ ಕೈ ಇನ್ನೂ ಚಾಚಿಕೊಂಡೇ ಇತ್ತು. ಎಲೆ ಅಡಿಕೆಯನ್ನು ಆ ಕೈಯೊಳಗಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಿಚಿದೆ. ಆಮೇಲೆ ಎದ್ದು ನಿಂತು, ಇದ್ದಷ್ಟು ದನಿ ಎತ್ತಿ ಹೇಳಿದೆ:

"ಅಳೆಯೋದಿಲ್ಲ."

ಎಲ್ಲರ ಮುಖವೂ ಬಂಡೆಯ ಕಡೆ ತಿರುಗಿತು. ಯಾವ ಕಾಲದ ಯಾರು ಈಗ ಇದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೋ ಎಂದು ನಾನೂ ಕಾದೆ. ಬಂಡೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿತ್ತು. ಆಮೇಲೆ ನನ್ನದೇ ದನಿಯಲ್ಲಿ, ನಡುಕವನ್ನೂ ಬಿಡದೆ, "ಅಳೆಯೋದಿಲ್ಲ" ಎಂದಿತು.